ರೈಫಲ್ ನಳಿಗೆ ಜೋಡಣೆ

ರೈಫಲ್ ನಳಿಗೆ ಜೋಡಣೆ ಎಂದರೆ ರೈಫಲ್ಲಿನ ನಳಿಗೆಯನ್ನು, ಅಂದರೆ ಬ್ಯಾರೆಲ್ಲನ್ನು, ಅದರ ಆಕ್ಷನ್ ಎಂಬ ಯಾಂತ್ರಿಕ ಭಾಗಕ್ಕೆ ತಿರುಪಿನ ಮೂಲಕ ಕೂಡಿಸಿ, ಕಾಡತೂಸು ಕುಳಿತುಕೊಳ್ಳುವ ಅಂತರವನ್ನು ನಿಗದಿತ ಮಿತಿಯೊಳಗೆ ಇರಿಸುವ ಕ್ರಿಯೆ. ಈ ಅಂತರವನ್ನು ಹೆಡ್‌ಸ್ಪೇಸ್ ಎಂದು ಕರೆಯಲಾಗುತ್ತದೆ. ಮೊದಲು ಪ್ರತಿಯೊಂದು ನಳಿಗೆಯನ್ನೂ ಆಯಾ ಆಕ್ಷನ್‌ಗೆ ತಕ್ಕಂತೆ ಲೇತ್ ಯಂತ್ರದಲ್ಲಿ ಕೊರೆದು ಹೊಂದಿಸಲಾಗುತ್ತಿತ್ತು. ಚೇಂಬರನ್ನು ಮೊದಲೇ ಕೊರೆದು ಸಿದ್ಧಪಡಿಸಿದ ನಳಿಗೆಗಳು ಬಂದ ನಂತರ ಈ ಕೆಲಸ ಬಹುಮಟ್ಟಿಗೆ ಸರಳವಾಗಿದೆ. ಆದರೆ ಅಂತರವನ್ನು ಗೇಜ್‌ನಿಂದ ಪರಿಶೀಲಿಸುವ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ. ಭಾರತದಲ್ಲಿ ಈ ಕೆಲಸವನ್ನು ಪರವಾನಗಿ ಪಡೆದ ತಯಾರಕರು ಮತ್ತು ದುರಸ್ತಿದಾರರು ಮಾತ್ರ ಮಾಡಬಹುದು.

ಭಾಗಗಳು

ಬೋಲ್ಟ್ ಮಾದರಿಯ ರೈಫಲ್ಲಿನಲ್ಲಿ ಆಕ್ಷನ್ ಎಂಬುದು ರಿಸೀವರ್ ಮತ್ತು ಅದರೊಳಗೆ ಹಿಂದೆ ಮುಂದೆ ಚಲಿಸುವ ಬೋಲ್ಟ್‌ಗಳನ್ನು ಒಳಗೊಂಡಿರುತ್ತದೆ. ರಿಸೀವರಿನ ಮುಂಭಾಗದಲ್ಲಿ ಒಳಥ್ರೆಡ್ ಇದ್ದು, ನಳಿಗೆಯ ಹಿಂತುದಿಯ ಹೊರಥ್ರೆಡ್ ಅದರೊಳಗೆ ತಿರುಗಿ ಕೂರುತ್ತದೆ. ನಳಿಗೆಯ ಹಿಂತುದಿಯಲ್ಲಿ ಕಾಡತೂಸಿನ ಆಕಾರಕ್ಕೆ ತಕ್ಕಂತೆ ಕೊರೆದ ಕುಹರವೇ ಚೇಂಬರ್. ಇದನ್ನು ರೀಮರ್ ಎಂಬ ಉಪಕರಣದಿಂದ ಕೊರೆಯಲಾಗುತ್ತದೆ. ಚೇಂಬರಿನಿಂದ ಮುಂದಕ್ಕೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಇವು ಗುಂಡನ್ನು ತಿರುಗಿಸಿ ಅದರ ಹಾದಿಯನ್ನು ಸ್ಥಿರಗೊಳಿಸುತ್ತವೆ.

ಪ್ರತಿ ಗುಂಡಿನ ಬಿಸಿ ಅನಿಲದಿಂದ ಚೇಂಬರಿನ ಮುಂದಿನ ಭಾಗ ಸವೆಯುತ್ತಾ ಹೋಗುತ್ತದೆ. ಆದ್ದರಿಂದ ನಿಖರ ಗುರಿಗಾರಿಕೆಯಲ್ಲಿ ನಳಿಗೆಯು ಬದಲಿಸಬೇಕಾದ ಬಿಡಿಭಾಗ. ಆಕ್ಷನ್ ಹಲವು ನಳಿಗೆಗಳಷ್ಟು ಕಾಲ ಬಾಳುತ್ತದೆ. ಸಿದ್ಧ ಚೇಂಬರಿನ ನಳಿಗೆಗಳಿಗೆ ಬೇಡಿಕೆ ಉಂಟಾಗಲು ಇದೇ ಮುಖ್ಯ ಕಾರಣ.

ಹೆಡ್‌ಸ್ಪೇಸ್

ಮುಚ್ಚಿದ ಬೋಲ್ಟಿನ ಮುಖದಿಂದ, ಕಾಡತೂಸು ಮುಂದಕ್ಕೆ ಜಾರದಂತೆ ಚೇಂಬರು ಅದನ್ನು ತಡೆಯುವ ಸ್ಥಾನದವರೆಗಿನ ದೂರವೇ ಹೆಡ್‌ಸ್ಪೇಸ್. ತಡೆಯುವ ಸ್ಥಾನವು ಕಾಡತೂಸಿನ ವಿನ್ಯಾಸವನ್ನು ಅವಲಂಬಿಸಿರುತ್ತದೆ.

• .308 ವಿಂಚೆಸ್ಟರ್, .338 ಲಾಪುವಾ ಮ್ಯಾಗ್ನಂ ಮೊದಲಾದ ಅಂಚಿಲ್ಲದ, ಸೀಸೆ ಆಕಾರದ ಕಾಡತೂಸುಗಳಲ್ಲಿ ಹಿತ್ತಾಳೆ ಕವಚದ ಭುಜದ ಇಳಿಜಾರು ತಡೆಯಾಗಿರುತ್ತದೆ.
• .303 ಬ್ರಿಟಿಷ್ ಮತ್ತು 50 ಮೀಟರ್ ಕ್ರೀಡಾ ರೈಫಲ್ಲುಗಳಲ್ಲಿ ಬಳಸುವ .22 ಲಾಂಗ್ ರೈಫಲ್ ಕಾಡತೂಸುಗಳಲ್ಲಿ ಬುಡದ ಅಂಚು ತಡೆಯಾಗಿರುತ್ತದೆ.
• ಪಟ್ಟಿಯುಳ್ಳ ಕೆಲವು ಮ್ಯಾಗ್ನಂ ಕಾಡತೂಸುಗಳಲ್ಲಿ ಬುಡದ ಮೇಲಿನ ಪಟ್ಟಿಯ ಮುಂಭಾಗ ತಡೆಯಾಗಿರುತ್ತದೆ.

.308 ವಿಂಚೆಸ್ಟರ್ ಕಾಡತೂಸಿನ ಗರಿಷ್ಠ ಒತ್ತಡವನ್ನು ಅಮೆರಿಕದ ಮಾನದಂಡದಲ್ಲಿ ಪ್ರತಿ ಚದರ ಅಂಗುಲಕ್ಕೆ 62,000 ಪೌಂಡ್ ಎಂದು ನಿಗದಿಪಡಿಸಲಾಗಿದೆ. ಗುಂಡು ಹಾರಿದ ಕ್ಷಣದಲ್ಲಿ ಹಿತ್ತಾಳೆ ಕವಚದ ಮುಂಭಾಗವು ಹಿಗ್ಗಿ ಚೇಂಬರಿನ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಬುಡವು ಹಿಂದಕ್ಕೆ ಒತ್ತಿ ಬೋಲ್ಟಿಗೆ ತಾಗುತ್ತದೆ. ಅಂತರ ಹೆಚ್ಚಿದ್ದರೆ ಈ ಎರಡರ ನಡುವಿನ ಹಿತ್ತಾಳೆ ಎಳೆದಂತಾಗಿ ತೆಳುವಾಗುತ್ತದೆ, ಕೊನೆಗೆ ಬುಡವೇ ಕಿತ್ತು ಬೇರ್ಪಡಬಹುದು. ಆಗ ಹೊರನುಗ್ಗುವ ಅನಿಲವು ರೈಫಲ್ಲನ್ನು ಹಾಳುಮಾಡುವುದಲ್ಲದೆ ಬಳಸುವವರ ಕಣ್ಣು ಮತ್ತು ಮುಖಕ್ಕೆ ಗಾಯಮಾಡಬಲ್ಲದು. ಅಂತರ ಕಡಿಮೆಯಿದ್ದರೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ, ಅಥವಾ ಬಲವಂತದಿಂದ ಮುಚ್ಚಬೇಕಾಗುತ್ತದೆ.

ಗೇಜ್‌ಗಳು

ಅಂತರವನ್ನು ಕಣ್ಣಳತೆಯಿಂದ ತಿಳಿಯಲಾಗದು. ಕಾಡತೂಸಿನ ಆಕಾರದ, ಗಟ್ಟಿ ಉಕ್ಕಿನ ಗೇಜ್‌ಗಳಿಂದ ಇದನ್ನು ಪರೀಕ್ಷಿಸಲಾಗುತ್ತದೆ. 'ಗೋ' ಗೇಜ್ ಕನಿಷ್ಠ ಅಂತರವನ್ನು ಸೂಚಿಸುತ್ತದೆ. ಅದರ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು. 'ನೋ-ಗೋ' ಗೇಜಿನ ಮೇಲೆ ಮುಚ್ಚಬಾರದು. 'ಫೀಲ್ಡ್' ಗೇಜ್ ಬಳಕೆಯಲ್ಲಿರುವ ಹಳೆಯ ರೈಫಲ್ಲುಗಳ ಸವೆತವನ್ನು ಪರೀಕ್ಷಿಸಲು ಬಳಕೆಯಾಗುತ್ತದೆ. .308 ವಿಂಚೆಸ್ಟರಿಗೆ ಸಾಮಾನ್ಯವಾಗಿ ದೊರೆಯುವ ಗೇಜ್‌ಗಳ ಅಳತೆ ಕ್ರಮವಾಗಿ 1.630, 1.634 ಮತ್ತು 1.638 ಅಂಗುಲ. ಮೊದಲ ಎರಡರ ನಡುವಿನ ವ್ಯತ್ಯಾಸ ಸುಮಾರು 0.1 ಮಿಲಿಮೀಟರ್ ಮಾತ್ರ.

ಜೋಡಣೆಯ ವಿಧಾನಗಳು

ಲೇತ್‌ನಲ್ಲಿ ಹೊಂದಿಸುವುದು: ಇದು ಸಾಂಪ್ರದಾಯಿಕ ವಿಧಾನ. ಕೆಲಸಗಾರನು ಆಕ್ಷನ್‌ನ ಅಳತೆಗಳನ್ನು ತೆಗೆದುಕೊಂಡು, ಆ ಒಂದು ಆಕ್ಷನ್‌ಗಾಗಿಯೇ ನಳಿಗೆಯ ಥ್ರೆಡ್ ಕಡಿದು ಚೇಂಬರ್ ಕೊರೆಯುತ್ತಾನೆ. ಹೀಗೆ ತಯಾರಾದ ನಳಿಗೆಯು ಅದೇ ಮಾದರಿಯ ಬೇರೊಂದು ರೈಫಲ್ಲಿಗೆ ಸರಿಹೊಂದುತ್ತದೆಂಬ ಭರವಸೆಯಿಲ್ಲ.

ನಟ್ ವಿಧಾನ: ಅಮೆರಿಕದ ಸ್ಯಾವೇಜ್ ಕಂಪನಿಯ ಮಾಡೆಲ್ 110 ರೈಫಲ್ 1958ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ನಳಿಗೆಯನ್ನು ಬಿಗಿಹಿಡಿಯಲು ಪ್ರತ್ಯೇಕ ನಟ್ ಇತ್ತು. ಚೇಂಬರಿನಲ್ಲಿ 'ಗೋ' ಗೇಜ್ ಇಟ್ಟು, ಬೋಲ್ಟ್ ಮುಚ್ಚಿ, ನಳಿಗೆಯು ಗೇಜಿಗೆ ತಾಗುವವರೆಗೆ ತಿರುಗಿಸಿ, ನಂತರ ನಟ್ಟನ್ನು ಬಿಗಿಯಲಾಗುತ್ತದೆ. ಅಂಗುಲಕ್ಕೆ 20 ಸುತ್ತುಗಳಿರುವ ಥ್ರೆಡ್ಡಿನಲ್ಲಿ ಒಂದು ಪೂರ್ಣ ಸುತ್ತಿಗೆ ನಳಿಗೆ 1.27 ಮಿಲಿಮೀಟರ್ ಸರಿಯುತ್ತದೆ. ಎಂದರೆ 'ಗೋ' ಮತ್ತು 'ನೋ-ಗೋ' ನಡುವಿನ ಇಡೀ ಅಂತರವು ಸುಮಾರು 29 ಡಿಗ್ರಿ ತಿರುವಿನಷ್ಟೇ. ನಟ್ ಬಿಗಿಯುವಾಗ ನಳಿಗೆಯು ಸ್ವಲ್ಪ ತಿರುಗಿದರೂ ಅಳತೆ ತಪ್ಪುವುದರಿಂದ, ಬಿಗಿದ ಬಳಿಕ ಎರಡೂ ಗೇಜ್‌ಗಳಿಂದ ಮರುಪರಿಶೀಲಿಸುವುದು ಕಡ್ಡಾಯ.

ಭುಜವುಳ್ಳ ಸಿದ್ಧ ನಳಿಗೆ: ಇದರಲ್ಲಿ ನಟ್ ಇರುವುದಿಲ್ಲ. ನಳಿಗೆಯ ಮೇಲಿನ ಭುಜವು ರಿಸೀವರಿನ ಮುಖಕ್ಕೆ ತಾಗುವವರೆಗೆ ತಿರುಗಿಸಿ ಬಿಗಿದರೆ ಅಂತರವು ತಾನಾಗಿಯೇ ಸರಿಯಾಗುವಂತೆ ಚೇಂಬರನ್ನು ಮೊದಲೇ ಕೊರೆದಿರಲಾಗುತ್ತದೆ. ರಿಸೀವರಿನ ಮುಖದಿಂದ ಬೋಲ್ಟಿನ ಮುಖದವರೆಗಿನ ದೂರವು ಒಂದು ಆಕ್ಷನ್‌ನಿಂದ ಇನ್ನೊಂದಕ್ಕೆ ಬದಲಾಗದಿದ್ದರೆ ಮಾತ್ರ ಇದು ಸಾಧ್ಯ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ತಯಾರಾದ ನಿಖರ ಆಕ್ಷನ್‌ಗಳು ಇದನ್ನು ಸಾಧ್ಯವಾಗಿಸಿದವು. ಆದರೂ ಬೋಲ್ಟ್ ಬದಲಾದರೆ, ಥ್ರೆಡ್ಡಿನಲ್ಲಿ ಲೋಹದ ಚೂರು ಸಿಕ್ಕಿಕೊಂಡರೆ ಅಥವಾ ಭುಜ ಪೂರ್ತಿ ಕೂರದಿದ್ದರೆ ಅಳತೆ ಕೆಡುತ್ತದೆ. ಸಿದ್ಧ ನಳಿಗೆ ಎಂಬ ಹೆಸರು ಪರಿಶೀಲನೆಯಿಂದ ವಿನಾಯಿತಿ ನೀಡುವುದಿಲ್ಲ.

ಸೈನಿಕ ಬಳಕೆಯ ಉದಾಹರಣೆಗಳು

ಲೀ-ಎನ್‌ಫೀಲ್ಡ್ ನಂ. 4 ರೈಫಲ್ಲಿನಲ್ಲಿ ನಳಿಗೆಯನ್ನು ಮುಟ್ಟದೆಯೇ ಅಂತರ ಸರಿಪಡಿಸಲು 0ಯಿಂದ 3ರವರೆಗೆ ಸಂಖ್ಯೆ ನೀಡಿದ, ಬೇರೆ ಬೇರೆ ಉದ್ದದ ಬೋಲ್ಟ್ ತಲೆಗಳಿದ್ದವು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯು 1960ರ ದಶಕದಲ್ಲಿ ಲೀ-ಎನ್‌ಫೀಲ್ಡ್ ವಿನ್ಯಾಸವನ್ನು 7.62 ಮಿ.ಮೀ. ಕಾಡತೂಸಿಗೆ ಮಾರ್ಪಡಿಸಿ 2ಎ ಮತ್ತು 2ಎ1 ರೈಫಲ್ಲುಗಳನ್ನು ತಯಾರಿಸಿತು. ಬ್ರೌನಿಂಗ್ ಎಂ2 ಭಾರೀ ಮಷಿನ್ ಗನ್ನಿನಲ್ಲಿ ನಳಿಗೆ ಬದಲಿಸಿದಾಗಲೆಲ್ಲ ಸೈನಿಕನೇ ಅಂತರವನ್ನು ಹೊಂದಿಸಬೇಕಿತ್ತು. ಇದರಲ್ಲಾಗುವ ತಪ್ಪುಗಳನ್ನು ತಪ್ಪಿಸಲು ನಂತರದ ಎಂ2ಎ1 ಮಾದರಿಯಲ್ಲಿ ಅಂತರವನ್ನು ಸ್ಥಿರಗೊಳಿಸಲಾಯಿತು.

ಕರ್ನಾಟಕದಲ್ಲಿ

ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಸಮೂಹಕ್ಕೆ ಸೇರಿದ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯು ಬೋಲ್ಟ್ ಮಾದರಿಯ ಎರಡು ನಿಖರ ರೈಫಲ್ಲುಗಳನ್ನು ದೇಶೀಯವಾಗಿ ವಿನ್ಯಾಸಗೊಳಿಸಿದೆ. 'ವೈಪರ್' .308 ವಿಂಚೆಸ್ಟರ್ ಕಾಡತೂಸನ್ನೂ 'ಸೇಬರ್' .338 ಲಾಪುವಾ ಮ್ಯಾಗ್ನಂ ಕಾಡತೂಸನ್ನೂ ಬಳಸುತ್ತವೆ.

ಕಾನೂನು

1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ ಅಂದಿನ ಮುಧೋಳ ಸಂಸ್ಥಾನದ, ಇಂದಿನ ಬಾಗಲಕೋಟೆ ಜಿಲ್ಲೆಯ, ಹಲಗಲಿಯ ಬೇಡರು ಅದೇ ವರ್ಷ ಬಂಡೆದ್ದಿದ್ದರು. ವಸಾಹತು ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆಯ ಸ್ಥಾನದಲ್ಲಿ ಈಗ 1959ರ ಶಸ್ತ್ರಾಸ್ತ್ರ ಕಾಯಿದೆ ಜಾರಿಯಲ್ಲಿದೆ.

ಈ ಕಾಯಿದೆಯ ವ್ಯಾಖ್ಯೆಯಂತೆ ಬಂದೂಕಿನ ಬಿಡಿಭಾಗಗಳೂ, ಬಂದೂಕು ತಯಾರಿಸುವ ಯಂತ್ರಗಳೂ 'ಬಂದೂಕು' ಎಂಬ ಪದದಲ್ಲಿ ಸೇರುತ್ತವೆ. ಆದ್ದರಿಂದ ಬಿಡಿ ನಳಿಗೆಯೊಂದನ್ನು ಯಂತ್ರದ ಸಾಮಾನ್ಯ ಬಿಡಿಭಾಗದಂತೆ ಕೊಳ್ಳಲು ಅಥವಾ ತರಿಸಿಕೊಳ್ಳಲು ಬರುವುದಿಲ್ಲ. 5ನೇ ಪ್ರಕರಣದಂತೆ ತಯಾರಿಕೆ, ಮಾರಾಟ, ಮಾರ್ಪಾಟು, ದುರಸ್ತಿ ಮತ್ತು ಪರೀಕ್ಷೆಗೆ ಪರವಾನಗಿ ಅಗತ್ಯ. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯಿದ್ದ ಮಾತ್ರಕ್ಕೆ ನಳಿಗೆ ಬದಲಿಸುವ ಅಧಿಕಾರ ದೊರೆಯುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ನೀಡಿರುವ ವಿನಾಯಿತಿಯು ಕೋವಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದೆ, ತಯಾರಿಕೆಗಲ್ಲ.