ವಿಜಾಪುರದ ಹೊಗೆಸೊಪ್ಪೂ ಇಂದಿನ ಇ-ಸಿಗರೇಟೂ

ಇ-ಸಿಗರೇಟನ್ನು ನಿಷೇಧಿಸಬೇಕೆ, ಅಥವಾ ಬೀಡಿ ಸಿಗರೇಟುಗಳಿಗಿಂತ ಕಡಿಮೆ ಕೇಡಿನ ಬದಲಿಯೆಂದು ಕಟ್ಟುಪಾಡುಗಳೊಡನೆ ಬಳಕೆಗೆ ಬಿಡಬೇಕೆ ಎಂಬ ಚರ್ಚೆ ನಮ್ಮ ಕಾಲದಲ್ಲಿಯೇ ಹುಟ್ಟಿದುದೆಂದು ತೋರುವುದು ಸಹಜ. ಆದರೆ ಇದೇ ಬಗೆಯ ವಾದವೊಂದು ನಾನೂರು ವರ್ಷಗಳ ಹಿಂದೆ, ನಮ್ಮ ನೋಯ್ಡಾದ ಮಗ್ಗುಲಲ್ಲಿ ಹರಿದುಹೋಗುವ ಯಮುನೆಯ ದಡದ ಮೇಲೆಯೇ, ಆಗ್ರಾದ ಅರಮನೆಯಲ್ಲಿ ನಡೆದಿತ್ತು. ಆ ವಾದಕ್ಕೆ ಕಾರಣವಾದ ವಸ್ತು ಅಲ್ಲಿಗೆ ಹೋದುದು ಕನ್ನಡನಾಡಿನ ವಿಜಾಪುರದಿಂದ.

ರಾಜಕುಮಾರ ದಾನಿಯಾಲನಿಗೆ ಆದಿಲಶಾಹಿ ಮನೆತನದ ವಧುವನ್ನು ಕರೆತರುವ ಕಾರ್ಯಕ್ಕಾಗಿ ಅಕ್ಬರನು ಅಸದ್ ಬೇಗನೆಂಬುವನನ್ನು ವಿಜಾಪುರಕ್ಕೆ ಕಳುಹಿಸಿದ್ದನು. 1604-05ರ ಸುಮಾರಿನಲ್ಲಿ ಹಿಂದಿರುಗಿದ ಅಸದ್ ಬೇಗನು ಅಲ್ಲಿ ಕಂಡ ತಂಬಾಕನ್ನೂ ರತ್ನಖಚಿತವಾದ ಸೇದುಕೊಳವೆಯನ್ನೂ ಬಾದಶಹನಿಗೆ ಒಪ್ಪಿಸಿದುದಾಗಿ ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ತಮ್ಮ ಗ್ರಂಥಗಳಲ್ಲಿಲ್ಲದ, ಪರೀಕ್ಷೆಗೊಳಗಾಗದ ವಸ್ತುವೆಂದು ಆಸ್ಥಾನವೈದ್ಯನು ಅದನ್ನು ವಿರೋಧಿಸಿದನು. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತೆಂದು ಅಸದ್ ಬೇಗನು ವಾದಿಸಿದನು. ಅಕ್ಬರನು ಈ ವಾದವನ್ನು ಮೆಚ್ಚಿದನಾದರೂ ಸೇದುವ ಚಟವನ್ನು ಹಚ್ಚಿಕೊಳ್ಳಲಿಲ್ಲ. ಸರದಾರರು ಹಚ್ಚಿಕೊಂಡರು, ವರ್ತಕರು ಮಾರಾಟಕ್ಕಿಳಿದರು. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸಿದನು, ಅದು ನಿಲ್ಲಲಿಲ್ಲ.

ಹೊಗೆಯನ್ನು ನೀರಿನಲ್ಲಿ ಹಾಯಿಸುವ ಹುಕ್ಕಾವನ್ನು, ಎಂದರೆ ನಮ್ಮ ಕಡೆಯ ಗುಡಗುಡಿಯನ್ನು, ಅಕ್ಬರನ ವೈದ್ಯ ಹಕೀಮ್ ಅಬುಲ್ ಫತಹ್ ಗೀಲಾನಿಯು ಕಲ್ಪಿಸಿದನೆಂಬ ಐತಿಹ್ಯವೊಂದುಂಟು. ಆತನು ತೀರಿಕೊಂಡುದು 1589ರಲ್ಲಿ. ಆದುದರಿಂದ ಅಸದ್ ಬೇಗನ ಮಾತು ನಿಜವಾದರೆ ಈ ಐತಿಹ್ಯ ನಿಲ್ಲುವುದು ಕಷ್ಟ. ಅದು ಹೇಗೇ ಇರಲಿ, ನೀರು ಹೊಗೆಯ ಕೇಡನ್ನು ತೊಳೆಯುವುದೆಂಬ ನಂಬಿಕೆ ಬಹುಕಾಲ ಬಾಳಿತು. ಇಂದಿನ ವೈದ್ಯಶಾಸ್ತ್ರವು ಅದನ್ನು ಒಪ್ಪುವುದಿಲ್ಲ. ‘ಕಡಿಮೆ ಕೇಡು’ ಎಂಬ ಮಾತನ್ನು ಪರೀಕ್ಷಿಸದೆ ನಂಬಬಾರದೆಂಬುದಕ್ಕೆ ಇದೊಂದು ನಿದರ್ಶನ.

2003ರ ಸುಮಾರಿನಲ್ಲಿ ಚೀನಾದ ಹಾನ್ ಲಿಕ್ ಎಂಬ ಔಷಧತಜ್ಞನು ರೂಪಿಸಿದ ಇ-ಸಿಗರೇಟಿನಲ್ಲಿ ಸೊಪ್ಪು ಉರಿಯುವುದಿಲ್ಲ. ನಿಕೋಟಿನ್ ಬೆರೆತ ದ್ರವವು ಕಾದು ಆವಿಯಾಗುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇಕಡ 95ರಷ್ಟು ಕಡಿಮೆ ಹಾನಿಕರವೆಂದು ಅಂದಾಜು ಮಾಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯಾದರೋ 2019ರ ಮೇ ತಿಂಗಳಿನಲ್ಲಿ ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಿತು. ತರುಣರು ಹೊಸದಾಗಿ ನಿಕೋಟಿನ್ನಿಗೆ ದಾಸರಾದಾರೆಂಬುದು ಅದರ ಮುಖ್ಯ ಆತಂಕ. ಕರ್ನಾಟಕವು 2016ರಲ್ಲಿಯೇ ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟವು ಸುಗ್ರೀವಾಜ್ಞೆಗೆ ಒಪ್ಪಿಗೆಯಿತ್ತಿತು. ಡಿಸೆಂಬರಿನಲ್ಲಿ ಅದು ಶಾಸನವಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಈ ಎಚ್ಚರಿಕೆ ಯುಕ್ತವಾದುದೇ. ಆದರೆ ಜಮೆಯ ಪುಟವನ್ನು ಮಾತ್ರ ನೋಡಿ ಖರ್ಚಿನ ಪುಟವನ್ನು ಮಡಿಚಿಡುವುದು ಲೆಕ್ಕವಲ್ಲ. 2016-17ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡ 28.6, ಕರ್ನಾಟಕದಲ್ಲಿ ಶೇಕಡ 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣಗಳ ಸಿಗರೇಟು ತಂಬಾಕಿಗೂ ನಿಪ್ಪಾಣಿಯ ಬೀಡಿ ತಂಬಾಕಿಗೂ ಮಾರುಕಟ್ಟೆ ತೆರೆದೇ ಇದೆ. ಬದಲಿಯನ್ನು ತಡೆದು ಮೂಲವನ್ನು ಅಂಗಡಿಯಲ್ಲಿ ಉಳಿಸಿದ ರಾಜ್ಯವು, ಚಟವನ್ನು ಬಿಡಬಯಸುವವನಿಗೆ ಚಿಕಿತ್ಸೆಯನ್ನೂ ಬೆಳೆಗಾರನಿಗೆ ಬೇರೆ ಬೆಳೆಯ ದಾರಿಯನ್ನೂ ತೋರಿಸಬೇಕಾದ ಹೊಣೆಯನ್ನು ಹೊತ್ತಿದೆ. ಆ ಹೊಣೆಯನ್ನು ನಿರ್ವಹಿಸದಿದ್ದರೆ 2019ರ ಶಾಸನವೂ 1617ರ ಆಜ್ಞೆಯ ಹಾದಿಯನ್ನೇ ಹಿಡಿದೀತು.