ಹಗೇವಿನಿಂದ ಸೂಜಿಯವರೆಗೆ

2025ರ ದೀಪಾವಳಿಗೆ ಶಿರಗುಪ್ಪಿಗೆ ಹೋಗಿದ್ದೆ. ಊಟಕ್ಕೆ ಬಡಿಸುತ್ತಿದ್ದ ಅಕ್ಕ ರೊಟ್ಟಿ ಬುಟ್ಟಿ ಕೆಳಗಿಟ್ಟು, "ತಮ್ಮಾ, ತೂಕ ಇಳಿಸೋ ಸೂಜಿ ಬಂದದಂತಲ್ಲ, ವಾರಕ್ಕೊಂದು. ನಾ ಮಾಡಿಸ್ಕೋಬೇಕೋ ಬ್ಯಾಡೋ? ನೀ ಓದಿದಾಂವ ಅದಿ, ಹೇಳು" ಅಂದಳು.

ಅಕ್ಕನಿಗೆ 52 ವರ್ಷ, ತೂಕ 94 ಕಿಲೊ. ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು. ಮೊಣಕಾಲು ಸವೆದು, ನೆಲಕ್ಕೆ ಕೂತು ರೊಟ್ಟಿ ಬಡಿಯುವುದು ನಿಂತುಹೋಗಿದೆ. ಅವಳ ಪಕ್ಕದಲ್ಲಿ ಮೈದುನನ ಮಗಳು ಕೂತಿದ್ದಳು. 23ರ ಹುಡುಗಿ, ತೂಕ 61. ಹಿಂದಿನ ತಿಂಗಳು ಕನ್ಯಾ ನೋಡಲು ಬಂದವರು, "ಹುಡುಗಿ ಛಲೋ ಅದಾಳ್ರಿ, ಮೈ ಒಂಚೂರು ಇಳಿಸಿದ್ರ ಆತು" ಎಂದು ಹೇಳಿ ಹೋಗಿದ್ದರು. ಅದೇ ಸೂಜಿಯನ್ನು ವೈದ್ಯರ ಚೀಟಿಯಿಲ್ಲದೆ ತರಿಸಿಕೊಳ್ಳಲು ಆಕೆ ಫೋನಿನಲ್ಲಿ ಯಾರೊಂದಿಗೋ ಮಾತಾಡಿಟ್ಟಿದ್ದಾಳೆಂದು ಊಟವಾದ ಮೇಲೆ ಗೊತ್ತಾಯಿತು.

ನಾನು ವೈದ್ಯನಲ್ಲ, ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. "ಡಾಕ್ಟರನ್ನ ಕೇಳು ಅಕ್ಕಾ" ಎಂದು ಅವತ್ತು ಜಾರಿಕೊಂಡೆ. ಆದರೆ ಪ್ರಶ್ನೆ ನನ್ನ ಜೊತೆಗೇ ಬಂತು. ತೂಕ ಇಳಿಸುವ ಔಷಧ ಎಲ್ಲೆಡೆ ಬಳಕೆಗೆ ಬರಬೇಕೇ? ಬರಬೇಕೆಂದರೆ ಯಾರಿಗೆ, ಅಕ್ಕನಿಗೋ, ಆ ಹುಡುಗಿಗೋ? ನಾಲ್ಕು ತಿಂಗಳು ಅದನ್ನೇ ಓದಿದೆ. ನಾನು ಕಲಿಸುವ ವಿಷಯದಲ್ಲೇ ಉತ್ತರದ ಒಂದು ಭಾಗವಿದೆ ಎನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಮನೆಯ ಪಡಸಾಲೆಯ ಕೆಳಗೆ ಒಂದು ಹಗೇವಿದೆ. ಈಗ ಅದರ ಮೇಲೆ ಪರಸಿಗಲ್ಲು ಹಾಸಿ ಮುಚ್ಚಿದ್ದಾರೆ. ಹಗೇವು ನೋಡದವರಿಗಾಗಿ ಹೇಳುವುದಾದರೆ, ಎರೆಭೂಮಿಯ ಊರುಗಳಲ್ಲಿ ನೆಲ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿಡುತ್ತಿದ್ದ ಗುಂಡಿ ಅದು. ಬಾಯಿ ಮುಚ್ಚಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕಿತ್ತು. ಮಳೆ ಕೈಕೊಟ್ಟ ವರ್ಷ ಊರನ್ನು ಉಳಿಸುತ್ತಿದ್ದದ್ದು ಇದು. ನಮ್ಮ ಆಯಿ ತೆಳ್ಳಗಿನ ಮಕ್ಕಳನ್ನು ಕಂಡರೆ "ಉಂಡದ್ದು ಮೈಗೆ ಹತ್ತಬೇಕು" ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಮೈ ಕೂಡ ಒಂದು ಹಗೇವು.

ಆ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಷೈರಿನ ಗಿರಣಿಗಳಿಗೆ ಅರಳೆ ಸಿಗದೆ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ಅದಾಗಿ ಸುಮಾರು ಹತ್ತು ವರ್ಷಕ್ಕೆ, 1876ರಲ್ಲಿ, ಮಳೆ ಹೋಯಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರಗಾಲ ಇದು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಕುಸಿಯಿತು.

ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬರ ಪರಿಹಾರದ ಖರ್ಚು ಹಿಡಿತಕ್ಕೆ ತರಲು ವೈಸರಾಯ್ ಲಿಟನ್, ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಕಲ್ಲು ಒಡೆಯುವ, ರಸ್ತೆ ಹಾಕುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆ ಸಾಕೆಂದು 1877ರ ಜನವರಿಯಲ್ಲಿ ಟೆಂಪಲ್ ನಿಗದಿಪಡಿಸಿದ. ಇತಿಹಾಸದಲ್ಲಿ ಇದು 'ಟೆಂಪಲ್ ಕೂಲಿ' ಎಂದೇ ಹೆಸರಾಗಿದೆ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟು ಆಹಾರದಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಪಟ್ಟು ಹಿಡಿದ. ಎಷ್ಟು ಉಂಡರೆ ಸಾಕು ಎಂಬುದನ್ನು ಉಣ್ಣುವವರನ್ನು ಬಿಟ್ಟು ಬೇರೆಯವರು ತೀರ್ಮಾನಿಸಿದ ಕಾಲ ಅದು.

ಇಷ್ಟು ಹಿಂದಿನ ಮಾತು ಅಕ್ಕನ 94 ಕಿಲೊಗೆ ಏನು ಸಂಬಂಧ ಎಂದು ನೀವು ಕೇಳಬಹುದು. ಇದಕ್ಕೆ ಮೈಸೂರಿಗೆ ಹೋಗಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಆ ಹಳೆಯ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ಮೈಸೂರಲ್ಲೇ ಉಳಿದವರನ್ನು ಹುಡುಕಿ, 517 ಜನರನ್ನು ಸಂಶೋಧಕರು ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದರ ಫಲ ಬಂತು. ಹುಟ್ಟುವಾಗ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 11% ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೊ ದಾಟಿದವರಲ್ಲಿ 3% ಮಾತ್ರ. ಸೊರಗಿದ ತಾಯಿಯ ಹೊಟ್ಟೆಯಲ್ಲಿ ಕೊರತೆ ಉಂಡು ಬಂದ ಮಗು, ಐವತ್ತು ವರ್ಷದ ನಂತರ ಹೃದಯದ ಕಾಯಿಲೆಗೆ ಹತ್ತಿರವಾಗಿತ್ತು.

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದರು. ಅವರೂ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅವರೂ ತಮ್ಮ ಮೈಯನ್ನೇ ಅಳೆದುಕೊಂಡು 2004ರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದ್ದೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕರ ಮೈಯಲ್ಲಿ 21.2%. ನಮ್ಮ ಮೈ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡಿಟ್ಟುಕೊಳ್ಳುವ ಮೈ. ಒಬ್ಬೊಬ್ಬರ ಮೈಗೂ ಬರಗಾಲವೇ ಕಾರಣ ಎಂದು ಬೆರಳು ತೋರಿಸಲಾಗದು. ಆದರೆ ಕೊರತೆಗೆ ಹೊಂದಿಕೊಂಡ ಮೈಗೆ ಒಮ್ಮೆಲೇ ಸಮೃದ್ಧಿ ಬಂದರೆ ತೊಂದರೆ ಎಂಬುದು ಮತ್ತೆ ಮತ್ತೆ ಕಂಡ ಸಂಗತಿ.

ಆ ಸಮೃದ್ಧಿ ಶಿರಗುಪ್ಪಿಗೆ ಬಂದದ್ದು ನನ್ನ ಕಣ್ಣೆದುರೇ. ಚಿಕ್ಕಂದಿನಲ್ಲಿ ದಿನವೂ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತೆಸೊಪ್ಪು, ಗುರೆಳ್ಳು ಚಟ್ನಿ. ಅನ್ನ ಹಬ್ಬಕ್ಕೆ ಮಾತ್ರ. ಈಗ ಎರಡು ಹೊತ್ತೂ ರೇಷನ್ ಅಕ್ಕಿಯ ಅನ್ನ, ಸಂಜೆಗೆ ಮಿರ್ಚಿ ಭಜಿ, ಸಕ್ಕರೆ ತುಂಬಿದ ಚಹಾ. ಕಳೆ ಕೀಳುವ ಕೆಲಸವನ್ನು ಔಷಧಿ ಸಿಂಪಡಣೆ ಕಸಿದುಕೊಂಡಿತು, ರಂಟೆ-ಕುಂಟೆಯನ್ನು ಟ್ರ್ಯಾಕ್ಟರು. ಇದು ಕೆಟ್ಟಿತೆಂದು ನಾನು ಹೇಳಲಾರೆ. ಬಾಗಿ ಬಾಗಿ ಬೆನ್ನು ಮುರಿದುಕೊಂಡ ಹೆಂಗಸರನ್ನು ನೋಡಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 30% ಜನರ ತೂಕ ಹೆಚ್ಚು. ಸುಮಾರು 17% ಜನ ಇನ್ನೂ ಸೊರಗಿದವರು. ಹಸಿವು ಮತ್ತು ಬೊಜ್ಜು ಒಂದೇ ಓಣಿಯಲ್ಲಿ ಎದುರುಬದುರು ಮನೆ ಮಾಡಿಕೊಂಡಿವೆ.

ಹಾಗಾದರೆ ದಪ್ಪಗಿರುವುದು ಬರೀ ನಾಲಿಗೆಯ ತಪ್ಪೇ? ಚರಕ ಸಂಹಿತೆ ಕೂಡ ಹಾಗೆ ಹೇಳುವುದಿಲ್ಲ. ಅದರ ಸೂತ್ರಸ್ಥಾನದ 21ನೇ ಅಧ್ಯಾಯ ಅತಿಸ್ಥೂಲತೆಗೆ ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆಗಳ ಜೊತೆಗೆ 'ಬೀಜಸ್ವಭಾವ'ವನ್ನೂ ಕಾರಣವಾಗಿ ಎಣಿಸುತ್ತದೆ. ಸ್ಥೂಲನಿಗೆ ಹಸಿವು ಬೇಗ ಬೇಗ ಯಾಕೆ ಕೆರಳುತ್ತದೆ ಎಂಬುದಕ್ಕೂ ತನ್ನದೇ ವಿವರಣೆ ಕೊಡುತ್ತದೆ. ಎರಡು ಸಾವಿರ ವರ್ಷದ ಹಿಂದಿನ ವೈದ್ಯರಿಗೆ ಇದು ಕಾಯಿಲೆ ಎಂದು ಗೊತ್ತಿತ್ತು. ಕಾಯಿಲೆಗೆ ಔಷಧ ಬೇಕೆನ್ನುವುದು ಸೋಮಾರಿತನವಲ್ಲ.

ಆದರೆ ತೂಕ ಇಳಿಸುವ ಔಷಧಗಳ ಇತಿಹಾಸ ಓದಿದರೆ ಎದೆ ಝಲ್ಲೆನ್ನುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಮುಟ್ಟಿದ ಕೆಲಸಗಾರರು ಜ್ವರ ಬಂದು, ಸೊರಗಿ, ಕೆಲವರು ಸತ್ತೂ ಹೋದರು. 1933ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಅದನ್ನೇ ತೂಕ ಇಳಿಸುವ ಗುಳಿಗೆಯಾಗಿ ಪರಿಚಯಿಸಿದರು. ಒಂದೆರಡು ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಜನ ನುಂಗಿದರು. ಕೆಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರು ಮೈಕಾವು ಏರಿ ಸತ್ತರು. 1938ರ ಹೊಸ ಕಾನೂನು ಬಂದ ಮೇಲೆಯೇ ಅದು ನಿಂತದ್ದು. ಆಮೇಲೆ ಆಂಫೆಟಮಿನ್ ಗುಳಿಗೆಗಳು ಬಂದವು, ಚಟ ಹತ್ತಿಸಿದವು. 1965ರಲ್ಲಿ ಯುರೋಪಿಗೆ ಬಂದ ಅಮಿನೊರೆಕ್ಸ್ ಶ್ವಾಸಕೋಶದ ರಕ್ತದೊತ್ತಡ ಏರಿಸಿ 1968ರಲ್ಲಿ ಹಿಂದೆ ಸರಿಯಿತು. ಅಮೆರಿಕದಲ್ಲಿ 1996ರೊಂದರಲ್ಲೇ ಫೆನ್‌ಫ್ಲುರಮಿನ್ ಮತ್ತು ಫೆಂಟರ್ಮಿನ್‌ಗೆ 1.8 ಕೋಟಿಗೂ ಮೀರಿ ಚೀಟಿಗಳನ್ನು ಬರೆದರು. ಮರುವರ್ಷ 24 ಹೆಂಗಸರಲ್ಲಿ ಹೃದಯದ ಕವಾಟ ಕೆಟ್ಟಿರುವುದು ಕಂಡು, ಸೆಪ್ಟೆಂಬರಿನಲ್ಲಿ ಫೆನ್‌ಫ್ಲುರಮಿನ್ ಮಾರುಕಟ್ಟೆಯಿಂದ ಹೊರಬಿತ್ತು. ಭಾರತದ ಪಾಲೂ ಇದೆ. ಇಲ್ಲಿ ಮಾರಾಟವಾಗುತ್ತಿದ್ದ ರಿಮೊನಬಂಟ್ ಅನ್ನು ಸರ್ಕಾರ 2009ರಲ್ಲಿ ನಿಷೇಧಿಸಿತು, ಸಿಬುಟ್ರಮಿನ್ ಅನ್ನು 2011ರಲ್ಲಿ. ಮೊದಲನೆಯದು ಮನಸ್ಸನ್ನು ಖಿನ್ನತೆಗೆ ತಳ್ಳುತ್ತಿತ್ತು, ಎರಡನೆಯದು ಹೃದಯಕ್ಕೆ ಹೊಡೆತ ಕೊಡುತ್ತಿತ್ತು.

ಈ ಕಥೆಗಳಲ್ಲಿ ನನಗೆ ಕಂಡ ಸಮಾನ ಅಂಶ ಒಂದಿದೆ. ಔಷಧದ ದೋಷಕ್ಕಿಂತ ಹೆಚ್ಚು ಜನರಿಗೆ ಹಾನಿಯಾದದ್ದು ಅದು ಹರಡಿದ ವೇಗದಿಂದ. ಕಾಯಿಲೆಗೆಂದು ಬಂದದ್ದು ಅಂದಕ್ಕೆ ಹರಡಿತು. ಅದನ್ನು ನುಂಗಿದವರಲ್ಲಿ ಹೆಚ್ಚಿನವರು ಹೆಂಗಸರು.

ಈಗಿನ ಸೂಜಿಗಳು ಬೇರೆ ಜಾತಿಯವು. ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳು ಊಟವಾದ ಮೇಲೆ ಕರುಳಿನಲ್ಲಿ ತಾನಾಗಿ ಹುಟ್ಟುವ ಹಾರ್ಮೋನಿನಂತೆ ಕೆಲಸ ಮಾಡಿ, "ಸಾಕು" ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರದಲ್ಲಿ ಸರಾಸರಿ 14.9% ಇಳಿಯಿತು. ಸಕ್ಕರೆ ಕಾಯಿಲೆಯಿದ್ದವರ ಪ್ರಯೋಗದಲ್ಲಿ ಇಳಿಕೆ 9.6%, ಅಕ್ಕನ ಲೆಕ್ಕಕ್ಕೆ ಸುಮಾರು 9 ಕಿಲೊ. ಹೃದಯದ ಕಾಯಿಲೆಯಿದ್ದ, ತೂಕ ಹೆಚ್ಚಿದ್ದ 17,604 ಜನರ ಮೇಲೆ ನಡೆದ ಪ್ರಯೋಗದ ಫಲ 2023ರಲ್ಲಿ ಬಂತು: ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವುಗಳು ಒಟ್ಟಾಗಿ 20% ಕಡಿಮೆ. ಹಳೆಯ ಗುಳಿಗೆಗಳು ಹೃದಯವನ್ನು ಕೆಡಿಸಿದರೆ ಇದು ಉಳಿಸುತ್ತಿದೆ. ಇದನ್ನು ಕಂಡೂ "ಎಲ್ಲ ಒಂದೇ" ಎನ್ನುವುದು ಇತಿಹಾಸ ಓದಿದವನ ಮಾತಾಗದು.

ಹಾಗೆಂದು ತೊಂದರೆಗಳಿಲ್ಲವೆಂದಲ್ಲ. ವಾಕರಿಕೆ, ವಾಂತಿ ಸಾಮಾನ್ಯ. ಪಿತ್ತಕೋಶದ ಕಲ್ಲು, ವಿರಳವಾಗಿ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೊದಲೇ ಮಾಂಸಖಂಡ ಕಡಿಮೆಯಿರುವ ನಮ್ಮ ಮೈಗೆ ಇದು ಸಣ್ಣ ಮಾತಲ್ಲ. ಬಿಟ್ಟರೆ ಮರಳಿ ಬರುತ್ತದೆ: ಸೂಜಿ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸಾಯಿತು. ಅಂದರೆ ಹೆಚ್ಚಿನವರಿಗೆ ಇದು ವರ್ಷಗಟ್ಟಲೆಯ ಔಷಧ.

ಇನ್ನು ದುಡ್ಡಿನ ಲೆಕ್ಕ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಭಾರತಕ್ಕೆ ಬಂದಾಗ ಅತಿ ಚಿಕ್ಕ ಪ್ರಮಾಣದ ಬಾಟಲಿಗೆ 3,500 ರೂಪಾಯಿ. ವಾರಕ್ಕೊಂದರಂತೆ ತಿಂಗಳಿಗೆ 14,000. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆಗ ಒಂದು ತಿಂಗಳ ಸೂಜಿಗೆ ಸುಮಾರು 38 ದಿನದ ಕೂಲಿ ಬೇಕಿತ್ತು. ತಿಂಗಳಿಗೆ ಇರುವುದೇ 30 ದಿನ. ಟೆಂಪಲ್ ಕೊಟ್ಟ ಒಂದಾಣೆ ಹಸಿವಿಗೆ ಸಾಲಲಿಲ್ಲ, 2025ರ ಕೂಲಿ ಹಸಿವು ತಗ್ಗಿಸುವ ಔಷಧಕ್ಕೆ ಸಾಲುತ್ತಿರಲಿಲ್ಲ.

ಹಾಗಾಗಿ 'ವ್ಯಾಪಕ' ಎಂಬ ಪದವನ್ನೇ ನಾನು ಎರಡಾಗಿ ಒಡೆಯುತ್ತೇನೆ. ಬೇಕೆಂದವರಿಗೆಲ್ಲ ಸಿಗುವುದು ಒಂದು ವ್ಯಾಪಕತೆ. ಅಗತ್ಯವಿದ್ದವರಿಗೆಲ್ಲ ಮುಟ್ಟುವುದು ಇನ್ನೊಂದು. ಮೊದಲನೆಯದು ಬೇಡ. ಎರಡನೆಯದು ಬೇಕೇ ಬೇಕು: ಹುಬ್ಬಳ್ಳಿಯ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣಳತೆಯಲ್ಲಿ, ಬಡವರ ಕೈಗೆಟುಕುವ ಬೆಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಡಿಸೆಂಬರಿನಲ್ಲಿ, ಆಹಾರ ಮತ್ತು ವ್ಯಾಯಾಮದ ನೆರವಿನೊಂದಿಗೆ ಬೊಜ್ಜಿಗೆ ಈ ಔಷಧಗಳನ್ನು ಬಳಸಬಹುದೆಂದು ಷರತ್ತಿನ ಶಿಫಾರಸು ಮಾಡಿದೆ. ಊಟ, ನಡಿಗೆಯನ್ನೇ ಸರಿಪಡಿಸಿದರೆ ಸಾಲದೇ ಎನ್ನುವವರಿದ್ದಾರೆ. ಹೊಸದಾಗಿ ತೂಕ ಏರುತ್ತಿರುವವರಿಗೆ ಅದೇ ದಾರಿ. ಆದರೆ ಮೊಣಕಾಲು ಹೋದ ಅಕ್ಕನಿಗೆ "ದಿನಾ ನಾಲ್ಕು ಕಿಲೋಮೀಟರ್ ನಡಿ" ಎನ್ನುವುದು ಉಪದೇಶವಲ್ಲ, ಅಣಕ.

ಮೊನ್ನೆ ಅಕ್ಕನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಹುಬ್ಬಳ್ಳಿಯಲ್ಲಿ ಕಣ್ಣು, ಕಿಡ್ನಿ ತೋರಿಸಿಕೊಂಡು, ಸೂಜಿ ತನಗೆ ಸರಿಹೋಗುತ್ತದೋ ಎಂದು ಕೇಳಲು ಹೇಳಿದೆ. ವರ್ಷಗಟ್ಟಲೆ ಬೇಕಾಗಬಹುದು ಎಂದಾಗ, "ಅಷ್ಟಕ್ಕ ಹೊಲಾ ಮಾರೂದೇನು?" ಅಂದಳು. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ಗೆ ಮುಗಿಯುತ್ತದೆ, ಬೇರೆ ಕಂಪನಿಗಳೂ ತಯಾರಿಸುತ್ತವೆ, ಬೆಲೆ ಇಳಿಯಬಹುದು ಎಂದೆ. "ಹಂಗಾರ ತಡೀತೀನಿ ಬಿಡು. ಮೊದ್ಲ ಕಣ್ಣು ತೋರಿಸ್ಕೊಂಡು ಬರ್ತೀನಿ" ಅಂದಳು.

ಆಮೇಲೆ ಆ ಹುಡುಗಿಗೆ ಫೋನು ಕೊಡಿಸಿದೆ. ನಿನ್ನ ತೂಕಕ್ಕೆ ಈ ಔಷಧ ಬೇಕಿಲ್ಲ, ಚೀಟಿಯಿಲ್ಲದೆ ಯಾರೋ ಕಳಿಸಿದ್ದನ್ನು ಮೈಗೆ ಚುಚ್ಚಿಕೊಳ್ಳಬೇಡ ಎಂದು ಬಿಡಿಸಿ ಹೇಳಿದೆ. ಎಲ್ಲವನ್ನೂ ಕೇಳಿದಳು. ಕೊನೆಗೆ, "ಆತ್ರಿ ಮಾಮಾ, ತರಿಸೂದಿಲ್ಲ. ಆದ್ರ ನನಗ ಇಷ್ಟ ಹೇಳಾಕತ್ತೀರಿ, ನೋಡಾಕ ಬಂದವರಿಗೆ ಯಾರೂ ಏನೂ ಹೇಳಲಿಲ್ಲಲ್ರಿ?" ಅಂದಳು.

ಅವರು ಬಂದ ದಿನ ನಾನೂ ಆ ಪಡಸಾಲೆಯಲ್ಲಿದ್ದೆ. ಹಗೇವಿನ ಮೇಲೆ ಹಾಸಿದ ಜಮಖಾನೆಯ ಮೇಲೆ ಕೂತು, ಅವರ ಜೊತೆ ಚಹಾ ಕುಡಿದಿದ್ದೆ.