ಮೂಲೆಯಲ್ಲಿ ನಿಂತವರು

2015ರ ಆಗಸ್ಟ್ 23ರಂದು ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ನಡೆದ ಪ್ರೊ ಕಬಡ್ಡಿಯ ಎರಡನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಎದುರುಬದುರಾದದ್ದು ಯು ಮುಂಬಾ ಮತ್ತು ಬೆಂಗಳೂರು ಬುಲ್ಸ್. ಮುಂಬಯಿ ಕನ್ನಡಿಗನಿಗೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಬೇಕೆ? ಹುಟ್ಟಿದ ನಾಡು ಒಂದು ಕಡೆ, ಅನ್ನ ಕೊಟ್ಟ ಊರು ಇನ್ನೊಂದು ಕಡೆ. ಸೋಜಿಗವೆಂದರೆ ಬೆಂಗಳೂರಿನ ನಾಯಕ ಮಂಜೀತ್ ಛಿಲ್ಲರ್ ದೆಹಲಿಯವರು. ನಮ್ಮ ಕರಾವಳಿಯ ಹೆಸರು ಹೊತ್ತಿದ್ದವರು ಮುಂಬಯಿ ಪಾಳೆಯದ ರಿಶಾಂಕ್ ದೇವಾಡಿಗ. ಮುಂಬಯಿ 36–30ರಿಂದ ಗೆದ್ದಿತು.

ಆ ತಂಡವನ್ನು ನೆನೆಯುವವರು ಮೊದಲು ನಾಯಕ ಅನೂಪ್ ಕುಮಾರರನ್ನು, ಬಳಿಕ ರಿಶಾಂಕರನ್ನು ಹೆಸರಿಸುತ್ತಾರೆ. ಇಬ್ಬರೂ ದಾಳಿಗಾರರು. ನನ್ನ ಎಣಿಕೆಯಲ್ಲಿ ಆ ತಂಡ ನಿಂತದ್ದು ಎರಡು ಮೂಲೆಗಳ ಮೇಲೆ: ಎಡಗಡೆ ಸುರೇಂದರ್ ನಾಡಾ, ಬಲಗಡೆ ಮೋಹಿತ್ ಛಿಲ್ಲರ್. ಎದುರಾಳಿಗಳೂ ಹಾಗೆಯೇ ಎಣಿಸಿದ್ದಿರಬೇಕು. ಮರುವರ್ಷ ಬೆಂಗಳೂರು ಈ ಇಬ್ಬರನ್ನೂ ತನ್ನಲ್ಲಿಗೆ ಕರೆದುಕೊಂಡಿತು. ಮೋಹಿತರಿಗೆ ತೆತ್ತ 53 ಲಕ್ಷ ರೂಪಾಯಿ ಆ ವರ್ಷದ ಹರಾಜಿನಲ್ಲೇ ಅತಿ ಹೆಚ್ಚಿನ ಮೊತ್ತ.

ಕಬಡ್ಡಿಯ ಮೂಲೆಯವನ ವೃತ್ತಿಬದುಕನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವನು ಅಮೆರಿಕನ್ ಫುಟ್‌ಬಾಲಿನ ಲೈನ್‌ಮನ್. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐವರು ದಢೂತಿ ಆಳುಗಳು ಗೋಡೆಯಾಗಿ ನಿಲ್ಲುತ್ತಾರೆ. ಮುಂದಕ್ಕೆಸೆದ ಚೆಂಡನ್ನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಅವರಿಗಿಲ್ಲ. ಕೆಲಸ ಸರಿಯಾಗಿ ನಡೆದಷ್ಟು ಹೊತ್ತು ಅವರ ಸುದ್ದಿಯೇ ಇಲ್ಲ. ಎದುರಾಳಿಯನ್ನು ಕಾನೂನು ಮೀರಿ ಹಿಡಿದರೆ ಮಾತ್ರ ರೆಫರಿ ಅವನ ಅಂಗಿಯ ಸಂಖ್ಯೆಯನ್ನು ಮೈದಾನಕ್ಕೆಲ್ಲ ಸಾರುತ್ತಾನೆ. 1985ರ ನವೆಂಬರ್ 18ರ ರಾತ್ರಿ ವಾಷಿಂಗ್ಟನ್ ತಂಡದ ಎಡ ಕಾವಲಿನ ಜೋ ಜೇಕಬಿ ಗಾಯದಿಂದ ಹೊರಗುಳಿದಿದ್ದರು. ಅಂದು ಲಾರೆನ್ಸ್ ಟೇಲರ್ ನುಗ್ಗಿ ಬಂದು ಬಿದ್ದ ರಭಸಕ್ಕೆ ಕ್ವಾರ್ಟರ್‌ಬ್ಯಾಕ್ ಜೋ ಥೈಸ್ಮನ್‌ರ ಕಾಲು ಮುರಿಯಿತು. ಅವರು ಮತ್ತೆ ಆಡಲಿಲ್ಲ. ಬಲಗೈಯಲ್ಲಿ ಎಸೆಯುವವನಿಗೆ ಎಡಬದಿ ಕಾಣದು, ಆ ಕುರುಡು ಬದಿಯನ್ನು ಕಾಯುವವನಿಗೆ ಬೆಲೆಯಿದೆ ಎಂಬುದು ಮಾಲೀಕರಿಗೆ ಮೆಲ್ಲಮೆಲ್ಲನೆ ಹೊಳೆಯಿತು. 1993ರಲ್ಲಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಸಿಕ್ಕ ಬಳಿಕ ಎಡ ಕಾವಲಿನವನ ಸಂಬಳ ಏರಿತು. ಮೈಕೆಲ್ ಲೂಯಿಸ್ 2006ರ ‘ದಿ ಬ್ಲೈಂಡ್ ಸೈಡ್’ ಪುಸ್ತಕದಲ್ಲಿ ಈ ಕತೆಯನ್ನು ಸೊಗಸಾಗಿ ಹೇಳಿದ್ದಾರೆ.

ಕಬಡ್ಡಿಯ ಲೆಕ್ಕವೂ ಹೀಗೆಯೇ ಓರೆಯಾಗಿದೆ. ದಾಳಿಗಾರ ಮೂವತ್ತು ಸೆಕೆಂಡುಗಳ ಒಂದೇ ದಾಳಿಯಲ್ಲಿ ಮೂರು ನಾಲ್ಕು ಅಂಕ ತರಬಲ್ಲ. ಹಿಡಿದವನಿಗೆ ಸಾಮಾನ್ಯವಾಗಿ ಒಂದು. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದಾಗ ಮಾತ್ರ ಎರಡು. ಬೋನಸ್ ಗೆರೆಗೆಂದು ಎದುರಾಳಿ ಕಾಲು ಚಾಚುವ ಕ್ಷಣಕ್ಕೆ ಮೂಲೆಯವನು ಕಾದು ಕುಳಿತು ಕಣಕಾಲಿಗೆ ಕೈ ಹಾಕುತ್ತಾನೆ. ಕವರ್‌ನವನು ಓಡಿಬಂದು ಮೈಮೇಲೆ ಬೀಳುತ್ತಾನೆ, ಉಳಿದವರು ಸರಪಳಿ ಬಿಗಿಯುತ್ತಾರೆ. ಐವರು ಹಿಡಿದರೂ ಅಂಕ ಬರೆಯುವುದು ಮೊದಲು ಕೈ ಹಾಕಿದವನ ಹೆಸರಿಗೆ. ಇನ್ನು, ಮೂಲೆಯವನ ನಿಲುವನ್ನು ನೋಡಿಯೇ ಹಿಂಜರಿದ ದಾಳಿಗಾರ ಬರಿಗೈಯಲ್ಲಿ ಮರಳಿದರೆ ಅದು ಯಾರ ಖಾತೆಗೂ ಸೇರದು. ನನ್ನ ಮಟ್ಟಿಗೆ ಮೂಲೆಯವನ ನಿಜವಾದ ವಿದ್ಯೆ ಇರುವುದೇ ಅಲ್ಲಿ. ಲೀಗಿನವರು ದಾಳಿಗಾರನ ಹತ್ತು ಅಂಕಕ್ಕೆ ‘ಸೂಪರ್ 10’ ಎಂದರೆ, ಹಿಡಿತಗಾರನ ಐದಕ್ಕೇ ‘ಹೈ 5’ ಎಂದು ಬಿರುದು ಕೊಟ್ಟು ಈ ತಾರತಮ್ಯವನ್ನು ತಾವಾಗಿಯೇ ಒಪ್ಪಿಕೊಂಡಿದ್ದಾರೆ.

ಇದೂ 2014ರಿಂದ ಈಚಿನ ಮಾತು. ಅದಕ್ಕೂ ಮುಂಚೆ ಲಾಲ್‌ಬಾಗ್, ಪರೇಲ್, ಪ್ರಭಾದೇವಿಗಳ ಗಿರಣಿಗಾಂವಿನಲ್ಲಿ ಮಂಡಳಗಳ ಹುತೂತೂ ದಶಕಗಳ ಕಾಲ ನಡೆದಿತ್ತು. ಪಾಳಿ ಮುಗಿಸಿ ಬಂದ ಕಾರ್ಮಿಕರು ಮಣ್ಣಿನ ಅಂಗಳಕ್ಕಿಳಿಯುತ್ತಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆಟಗಾರನಿಗೆ ಉಳಿದ ಆಸರೆ ಬ್ಯಾಂಕು, ರೈಲ್ವೆ, ತೈಲ ಕಂಪನಿಗಳ ಕ್ರೀಡಾ ಕೋಟಾ. ರಿಶಾಂಕರೂ ದೇನಾ ಬ್ಯಾಂಕ್, ಭಾರತ್ ಪೆಟ್ರೋಲಿಯಂಗಳ ಪರವಾಗಿ ಆಡಿ ಬೆಳೆದವರು. ಸರ್ಕಾರಿ ನೌಕರನಾದ ನನಗೆ ಸೇವಾ ಪುಸ್ತಕದ ಭಾಷೆ ಚೆನ್ನಾಗಿ ಗೊತ್ತು. ಸೇರಿದ ದಿನಾಂಕ, ವೇತನಶ್ರೇಣಿ, ಗಳಿಕೆ ರಜೆ, ಬಡ್ತಿ ಎಲ್ಲಕ್ಕೂ ಅಲ್ಲಿ ಅಂಕಣವಿದೆ. ಆ ಕಾಲದ ಎಷ್ಟೋ ಮೂಲೆಯವರ ಕ್ರೀಡಾಜೀವನದ ಲಿಖಿತ ಕುರುಹು ‘ಕ್ರೀಡಾ ಕೋಟಾದಡಿ ನೇಮಕ’ ಎಂಬ ಒಂದೇ ಸಾಲು. ಎಷ್ಟು ಕಾಲು ಹಿಡಿದರು, ಹಿಡಿಯುವಾಗ ತಮ್ಮ ಮೊಣಕಾಲನ್ನು ಎಷ್ಟು ಸಲ ಮುರಿದುಕೊಂಡರು ಎಂಬುದು ಜೊತೆಗಾರರ ನೆನಪಿನಲ್ಲಿ ಮಾತ್ರ ಇದೆ. ಆ ಜೊತೆಗಾರರಿಗೂ ವಯಸ್ಸಾಗಿದೆ.

ಅವರಿಗೆ ಸಿಗದ ಲೆಕ್ಕ ಸಿಕ್ಕಿದ್ದು ಹೊರನಾಡಿನವರೊಬ್ಬರಿಗೆ. 2015ರ ಮುಂಬಯಿ ಪಾಳೆಯದಲ್ಲೇ ಲೀಗಿನ ಬದುಕು ಆರಂಭಿಸಿದ ಇರಾನಿನ ಫಜಲ್ ಅತ್ರಾಚಲಿ ಎಡಮೂಲೆಯವರು. ಪಾಟ್ನಾ, ಗುಜರಾತ್ ಸುತ್ತಿ 2018ರಲ್ಲಿ ಯು ಮುಂಬಾಕ್ಕೆ ಮರಳಿದಾಗ ಅವರ ಬೆಲೆ ಒಂದು ಕೋಟಿ ರೂಪಾಯಿ. ಆ ಹರಾಜಿನಲ್ಲಿ ಕೋಟಿ ಮುಟ್ಟಿದ ಮೊದಲಿಗರು ಅವರೇ. ಮುಂದೆ ಮಂಜೀತರನ್ನು ಹಿಂದಿಕ್ಕಿ, ಐನೂರು ಟ್ಯಾಕಲ್ ಅಂಕಗಳನ್ನು ದಾಟಿದ ಮೊದಲ ಆಟಗಾರರಾದರು.

2018ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರಿಶಾಂಕರ ನಾಯಕತ್ವದ ಮಹಾರಾಷ್ಟ್ರ ತಂಡ ಸರ್ವಿಸಸ್ ತಂಡವನ್ನು 34–29ರಿಂದ ಸೋಲಿಸಿ, ಹನ್ನೊಂದು ವರ್ಷಗಳ ಬಳಿಕ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ದೇವಾಡಿಗರ ಹೆಸರು ಕೇಳಿ ನಮ್ಮವರು ಹಿಗ್ಗಿದ್ದು ಸಹಜ. ಆ ತಂಡದ ಎಡಮೂಲೆಯಲ್ಲಿ ಗಿರೀಶ್ ಎರ್ನಾಕ್ ಇದ್ದರೆಂಬುದನ್ನು ನಾನು ಈಗಲೂ ಕೇಳುವವರಿಗೆಲ್ಲ ಹೇಳುತ್ತಿರುತ್ತೇನೆ.